ಗೆಳತಿ ಅಳೆದ ಮನಸ್ಸು

ಹಾಸ್ಟೆಲಿನಲ್ಲಿ ನನ್ನ ಖೋಲಿಯ ಗೆಳತಿ ಮನಃಶಾಸ್ತ್ರ ಓದುತ್ತಿದ್ದಳು, ನಾನು ಇತಿಹಾಸ. ಅವಳ ಊರು ಸುರೇಬಾನ, ನನ್ನದು ಹೂಲಿ. ಅವ್ವ ಸವದತ್ತಿ ಬಸ್ಸಿನಲ್ಲಿ ಬುತ್ತಿ ಕಳಿಸುತ್ತಿದ್ದಳು. ಗಂಟು ಬಿಚ್ಚಿದರೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಮೊದಲ ತುತ್ತು ಗೆಳತಿಯದೇ. ಹಾಗೆ ಉಣ್ಣುವಾಗಲೇ ಅವಳಿಗೆ ಹೇಳಿದ್ದೆ: ಕಿತ್ತೂರಿನಿಂದ ಸಂಬಂಧ ಬಂದಿದೆ, ಕಬ್ಬಿನ ಲಾರಿ ಇರುವ ಮನೆತನ, ಅಪ್ಪನಿಗೆ ಒಪ್ಪಿಗೆ. ನನಗಿಲ್ಲ. ನಾನಿನ್ನೂ ಓದಬೇಕು.

ಕೆಲ ದಿನಗಳಲ್ಲೇ ಅವಳು, "ನಮ್ಮ ಪ್ರಾಜೆಕ್ಟಿಗೆ ಒಂದೀಟು ಮಾತಾಡಿ ಹೋಗ. ಮನಸ್ಸಿದ್ರ ಅಷ್ಟ, ಜುಲುಮಿ ಏನಿಲ್ಲ" ಎಂದಳು. ಮದುವೆಯನ್ನು ಹಿರಿಯರೇ ನಿರ್ಧರಿಸಬೇಕು ಎಂದು ಕ್ಯಾಮೆರಾ ಮುಂದೆ ವಾದಿಸಬೇಕಿತ್ತು. ನಾನು ಬಾಯಿ ತೆರೆದರೆ ನಿಲ್ಲುವವಳಲ್ಲ. ಹಿರಿಯರ ಅನುಭವ, ಮನೆತನ, ನಾಳೆಯ ಆಸರೆ ಎಂದು ಭರ್ಜರಿಯಾಗಿಯೇ ಬಿಟ್ಟೆ. ಅವಳು ತಲೆಯಾಡಿಸುತ್ತ ಕೂತಿದ್ದಳು.

ಆಮೇಲೆ ಒಳಗೆ ಕಸಿವಿಸಿ. ಅಷ್ಟು ಜೋರಾಗಿ ಹೇಳಿದ್ದೆಲ್ಲ ಸುಳ್ಳೇ? ಇರಲಿಕ್ಕಿಲ್ಲ, ಒಂದಿಷ್ಟು ಖರೆಯೂ ಇರಬೇಕು ಎಂದುಕೊಂಡೆ. ಅಪ್ಪ ಮತ್ತೆ ಫೋನಿನಲ್ಲಿ ಕೇಳಿದಾಗ, "ನೀವ ನೋಡಿ ಮಾಡ್ರಿ" ಎಂದುಬಿಟ್ಟೆ. ಸಂಬಂಧ ಗಟ್ಟಿಯಾಯಿತೆಂದು ಊರಲ್ಲಿ ಸಕ್ಕರೆ ಹಂಚಿದರು.

ಮುಂದೆ ಗೆಳತಿಯ ಸೆಮಿನಾರು ಬಂತು. ಹುರುಪಿನಿಂದ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ನಂಬಿಕೆಗೆ ವಿರುದ್ಧ ಮಾತಾಡಿದವರು ಆ ಕಸಿವಿಸಿ ತಾಳಲಾರದೆ ನಂಬಿಕೆಯನ್ನೇ ಬದಲಿಸಿಕೊಳ್ಳುತ್ತಾರೆ ಎಂದು ಅವಳು ವಿವರಿಸಿದಳು. "ಮದುವೆ ಬೇಡವೇ ಬೇಡ ಎನ್ನುತ್ತಿದ್ದ ಒಬ್ಬ ವಿದ್ಯಾರ್ಥಿನಿ, ಭಾಷಣ ಮಾಡಿದ ಮೇಲೆ ಮನೆಯವರಿಗೆ ಹೂಂ ಅಂದಳು" ಎಂದಾಗ ಸಭೆ ಚಪ್ಪಾಳೆ ತಟ್ಟಿತು. ಆ ವಿದ್ಯಾರ್ಥಿನಿ ನಾನೇ.

ಹೊರಗೆ ಅವಳನ್ನು ಹಿಡಿದು ನಿಲ್ಲಿಸಿದೆ. "ಯಾಕ ಹೇಳಲಿಲ್ಲ?"

"ಮೊದಲ ಹೇಳಿದ್ರ ಅಳತಿ ಕೆಡತಿತ್ತು."

"ಸಕ್ಕರಿ ಹಂಚಿದಾಗರ ಹೇಳಬೇಕಿಲ್ಲೇನ?"

"ನೀ ಖುಷಿಲೆ ಇದ್ದಿ ಅನಿಸ್ತು" ಎಂದು ಮುಖ ತಿರುಗಿಸಿದಳು.

ಉಂಡ ಮನೆಯ ಜಂತಿ ಎಣಿಸುವವರ ಬಗ್ಗೆ ಕೇಳಿ ಬಲ್ಲೆ. ಇವಳು ನನ್ನ ರೊಟ್ಟಿ ಉಂಡು ನನ್ನನ್ನೇ ಎಣಿಸಿದ್ದಳು. ನಾನು ನಂಬಿ ಹೇಳಿದ್ದನ್ನೇ ತನ್ನ ಪ್ರಯೋಗಕ್ಕೆ ಆರಿಸಿಕೊಂಡಿದ್ದಳಲ್ಲ, ಆ ಸಿಟ್ಟು ಇವತ್ತಿಗೂ ಆರಿಲ್ಲ.

ಮರುದಿನ ಊರಿಗೆ ಹೋಗಿ ಅಪ್ಪನೆದುರು ನಿಂತೆ. "ನನಗ ಈ ಮದುವಿ ಬ್ಯಾಡ್ರಿ" ಎಂದು, ನಡೆದದ್ದನ್ನೆಲ್ಲ ಹೇಳಿದೆ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ವಾದಿಸುತ್ತಿದ್ದೆ. "ಸಂಬಂಧ ಬಿಡಸೂಣು, ಅದೇನ್ ದೊಡ್ಡದಲ್ಲ. ಆದ್ರ ಆವತ್ತ ಹೂಂ ಅಂದಾಕಿನೂ ನೀನ, ಇವತ್ತ ಬ್ಯಾಡ ಅನ್ನಾಕಿನೂ ನೀನ. ಇದರಾಗ ನಿನ್ನ ಮಾತು ಯಾವದವಾ?" ಎಂದರು.

ಬೇಡ ಅನ್ನುವುದೇ ನನ್ನ ಮಾತು ಎನ್ನಬೇಕಿತ್ತು. ಅದು ನನ್ನದೋ, ಅವಳ ಮೇಲಿನ ಸಿಟ್ಟಿನದೋ, ನನಗೇ ತಿಳಿಯಲಿಲ್ಲ.