ರಾಮನಗರದ ಸೋದರಮಾವ

2018ರ ಬೇಸಿಗೆ. ವಾರಾಣಸಿಯ ಬಾಲಕಾರ್ಮಿಕ ತಪಾಸಣಾ ತಂಡಕ್ಕೆ ನಾನು ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ನೌಕರಿ ಎಂದು ಹೇಳಿಕೊಳ್ಳುವಂಥದ್ದೇನಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಮದುವೆಯಾದ ಮೇಲೆ ಪ್ರಾಧ್ಯಾಪಕರಾದ ಯಜಮಾನರ ಜೊತೆ ಇಲ್ಲಿಗೆ ಬಂದು, ಶಿವಾಲ ಮೊಹಲ್ಲಾದಲ್ಲಿ ಸಂಸಾರ ಹೂಡಿದ ಗೃಹಿಣಿ ನಾನು. ಕಾರ್ಖಾನೆಗಳಿಗೆ ಹೋದಾಗ ಹೆಂಗಸರು, ಮಕ್ಕಳ ಜೊತೆ ಮಾತನಾಡಲು ತಂಡಕ್ಕೊಬ್ಬ ಮಹಿಳಾ ಸದಸ್ಯೆ ಬೇಕಿತ್ತು. ನಾನು ಪಾಠ ಹೇಳುತ್ತಿದ್ದ ಸಂಜೆಶಾಲೆಯವರು ನನ್ನ ಹೆಸರು ಕೊಟ್ಟುಬಿಟ್ಟರು.

ತಂಡದ ಮುಖ್ಯಸ್ಥರು ಲೇಬರ್ ಎನ್‌ಫೋರ್ಸ್‌ಮೆಂಟ್ ಆಫೀಸರ್ ದುಬೆಜೀ. ದಪ್ಪ ಮೀಸೆ, ತೆಳ್ಳನೆಯ ದನಿ. ಗಂಗೆಯ ಆಚೆ ದಡದ ರಾಮನಗರದಲ್ಲಿದ್ದ ಒಂದು ರೇಷ್ಮೆ ಸೀರೆ ಕಾರ್ಖಾನೆಯ ಬಗ್ಗೆ ಅವರಿಗೆ ಮೇಲಿಂದ ಮೇಲೆ ದೂರು ಬರುತ್ತಿತ್ತು. ಎರಡು ಸಲ ಹೋಗಿದ್ದರೂ ಅಲ್ಲಿ ಒಂದು ಮಗುವೂ ಸಿಕ್ಕಿರಲಿಲ್ಲ. ಸರ್ಕಾರಿ ಜೀಪು ಸೇತುವೆ ಹತ್ತುತ್ತಿದ್ದಂತೆ ಅತ್ತ ಯಾರೋ ಫೋನ್ ಮಾಡಿಬಿಡುತ್ತಾರೆ ಎಂಬುದು ಅವರ ಅನುಮಾನ. ಅದಕ್ಕೇ ಮೂರನೆಯ ಸಲ ದೋಣಿಯಲ್ಲಿ ಹೋಗುವುದೆಂದು ತೀರ್ಮಾನವಾಯಿತು. ನಾನು ತರಕಾರಿ ಚೀಲ ಹಿಡಿದು, ದುಬೆಜೀ ತಲೆಗೊಂದು ಗಮ್ಛಾ ಸುತ್ತಿಕೊಂಡು, ಸಂಸಾರಸ್ಥರ ಹಾಗೆ.

ಹೊರಡುವಾಗ ಮಗಳು ಬಾಗಿಲಿಗೇ ಅಡ್ಡ ನಿಂತಳು. "ಅಮ್ಮಾ, ನೀವು ರೇಡ್‌ಗೆ ಹೋಗ್ತಿದ್ದೀರಾ? ಸಚ್ಚೀ?" ಎಂದಳು. ಅಲ್ಲೇ ಪೇಪರ್ ಓದುತ್ತಿದ್ದ ಯಜಮಾನರು, "ಹೋಗಿ ಬಾರೇ, ಬರ್ತಾ ಬದನೆಕಾಯಿ ನಿಜವಾಗ್ಲೂ ತಗೊಂಡ್ಬಾ" ಎಂದರು. ನನಗೆ ನಗು ಬರಲಿಲ್ಲ.

ಇಲ್ಲಿ ಕಾನೂನನ್ನು ಸ್ವಲ್ಪ ವಿವರಿಸಬೇಕು. ಹದಿನಾಲ್ಕು ತುಂಬದ ಮಗುವನ್ನು ಕೆಲಸಕ್ಕಿಟ್ಟುಕೊಂಡರೆ ಇಪ್ಪತ್ತು ಸಾವಿರದಿಂದ ಐವತ್ತು ಸಾವಿರದವರೆಗೆ ದಂಡ, ಇಲ್ಲವೇ ಆರು ತಿಂಗಳಿಂದ ಎರಡು ವರ್ಷ ಜೈಲು, ಅಥವಾ ಎರಡೂ. ಆದರೆ ಒಂದು ವಿನಾಯಿತಿ ಇದೆ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಗು ತನ್ನ ಮನೆಯವರ ಉದ್ಯೋಗಕ್ಕೆ, ಅದು ಅಪಾಯದ್ದಲ್ಲದಿದ್ದರೆ, ಕೈಜೋಡಿಸಬಹುದು. ಆ 'ಮನೆಯವರು' ಎಂಬುದರಲ್ಲಿ ಚಿಕ್ಕಪ್ಪ, ಅತ್ತೆಯ ಜೊತೆ ಸೋದರಮಾವನೂ ಸೇರುತ್ತಾನೆ. ನಾವು ಹೋದದ್ದು ಜೂನ್ ತಿಂಗಳಲ್ಲಿ. ಶಾಲೆಗಳಿಗೆಲ್ಲ ರಜೆ.

ಈ ಸಲ ಯಾರೂ ಫೋನ್ ಮಾಡಿರಲಿಲ್ಲ. ಉದ್ದನೆಯ ಕೋಣೆಯಲ್ಲಿ ಮಗ್ಗಗಳ ಸದ್ದು. ಕೊನೆಯ ಕಿಟಕಿಯ ಪಕ್ಕ ಕಟ್ಟಿಗೆಯ ಚೌಕಟ್ಟಿಗೆ ಕೆಂಪು ಸೀರೆಯೊಂದನ್ನು ಹಿಂಬದಿ ಮೇಲಾಗಿ ಬಿಗಿದಿದ್ದರು. ಅದರ ಮುಂದೆ ಒಬ್ಬಳು ಹುಡುಗಿ ಜರಿಯ ಹೂಗಳ ಹಿಂದೆ ಜೋತಾಡುವ ಎಳೆಗಳನ್ನು ಪುಟ್ಟ ಕತ್ತರಿಯಿಂದ ಕತ್ತರಿಸುತ್ತಿದ್ದಳು. ಹತ್ತೋ ಹನ್ನೊಂದೋ ವಯಸ್ಸು. ಕತ್ತರಿಯ ಹಿಡಿ ಒತ್ತದಿರಲೆಂದು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಆ ಬಟ್ಟೆ ಹೊಸದಲ್ಲ. ಬೆರಳಿನ ಆಕಾರಕ್ಕೇ ಗಟ್ಟಿಯಾಗಿತ್ತು. ರಜೆಗೆ ಬಂದ ಮಗುವಿನ ಕೈ ಅದಲ್ಲ ಎಂದು ನನಗನ್ನಿಸಿತು. ಆದರೆ ಅನ್ನಿಸಿದ್ದನ್ನು ಬರೆದರೆ ಕೇಸ್ ನಿಲ್ಲುವುದಿಲ್ಲ.

ಹೆಸರು ಕೇಳಿದೆ. "ಕಾಜಲ್" ಎಂದಳು. ಅಷ್ಟರಲ್ಲಿ ಮಾಲೀಕರು ಬಂದರು. ಎಲ್ಲರೂ ಅವರನ್ನು ಸೇಠ್‌ಜೀ ಎನ್ನುತ್ತಿದ್ದರು. ಮಡಿಕೆ ಮುರಿಯದ ಬಿಳಿ ಕುರ್ತಾ, ಬಾಯಲ್ಲಿ ಪಾನ್. ಒಂದಿಷ್ಟೂ ಗಾಬರಿಯಿಲ್ಲ. ಇವಳು ತನ್ನ ಸ್ವಂತ ತಂಗಿಯ ಮಗಳು, ರಜೆಗೆ ಬಂದಿದ್ದಾಳೆ, ಸುಮ್ಮನೆ ಕೂರುವ ಹುಡುಗಿಯಲ್ಲ, ಕತ್ತರಿ ಸಿಕ್ಕರೆ ಸಾಕು ಎಂದೆಲ್ಲ ನಗುತ್ತಾ ಹೇಳಿದರು. ದುಬೆಜೀ ಪುರಾವೆ ಕೇಳಿದರು. ಊರಿನಿಂದ ತರಿಸಬೇಕು, ಎರಡು ದಿನ ಕೊಡಿ ಎಂಬ ಉತ್ತರ ಬಂತು. ಎರಡು ದಿನದಲ್ಲಿ ಕಾಜಲ್ ಎಲ್ಲಿರುತ್ತಾಳೋ ದೇವರೇ ಬಲ್ಲ. ದುಬೆಜೀ ತುಟಿ ಕಚ್ಚಿಕೊಂಡು, ಮಾಲೀಕರ ತಂಗಿಯ ಮಗಳೆಂದೇ ಬರೆಯತೊಡಗಿದರು.

"ಬಾ ಬೇಟಾ, ಮಾಮಾನ ಹತ್ರ ಬಾ" ಎಂದು ಸೇಠ್ ಕರೆದರು.

ಹುಡುಗಿ ಎದ್ದು ಬಂದಳು. ಬಂದವಳೇ ಬಾಗಿ ಅವರ ಪಾದ ಮುಟ್ಟಿದಳು. ಯಾರೂ ಹೇಳಿಕೊಟ್ಟಿದ್ದಲ್ಲ, ದಿನಾ ಬೆಳಿಗ್ಗೆ ಮಾಡುವ ಕೆಲಸ ಎನ್ನುವಷ್ಟು ಸಲೀಸಾಗಿ. ಸೇಠ್ ಕೂಡ ಅಷ್ಟೇ ಸಲೀಸಾಗಿ ಅವಳ ತಲೆಯ ಮೇಲೆ ಕೈಯಿಟ್ಟರು.

ನಮ್ಮ ಮೈಸೂರಿನಲ್ಲಾದರೆ ಇದರಲ್ಲಿ ವಿಶೇಷವೇನೂ ಇಲ್ಲ. ಮಾವನ ಕಾಲಿಗೆ ಬೀಳದ ಮಕ್ಕಳುಂಟೇ? ಆದರೆ ಶಿವಾಲಕ್ಕೆ ಬಂದ ಹೊಸತರಲ್ಲಿ ಪಕ್ಕದ ಮನೆಯಲ್ಲಿ ನೋಡಿದ್ದು ನೆನಪಾಯಿತು. ನರೆಗೂದಲಿನ ಯಜಮಾನರೊಬ್ಬರು, ಅಂಗಳಕ್ಕೆ ಬಂದ ನಾಲ್ಕು ವರ್ಷದ ಪುಟಾಣಿಯ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದರು. ಬೆರಗಾಗಿ ಕೇಳಿದ್ದಕ್ಕೆ, "ಭಾಂಜೀ ಹೈ ನ, ಭಾಭೀಜೀ" ಎಂದಿದ್ದರು. ತಂಗಿಯ ಮಗಳು ಪೂಜ್ಯಳು. ಅವಳ ಕಾಲಿಗೆ ಮಾವನೇ ಎರಗಬೇಕು, ಅವಳಿಂದ ಎರಗಿಸಿಕೊಂಡರೆ ಪಾಪ. ಈ ಸೀಮೆಯ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಪದ್ಧತಿ.

ದುಬೆಜೀ ತಲೆ ತಗ್ಗಿಸಿ ಬರೆಯುತ್ತಲೇ ಇದ್ದರು, ನೋಡಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು, ಎಲ್ಲರೂ ಆಡಿಕೊಳ್ಳುವ ನನ್ನ ಹಿಂದಿಯಲ್ಲೇ ಹೇಳಿದೆ:

"ಸೇಠ್‌ಜೀ, ತಂಗಿಯ ಮಗಳಲ್ಲವೇ? ಒಂದು ಸಲ ನೀವು ಅವಳ ಪಾದ ಮುಟ್ಟಿ."

ದುಬೆಜೀಯ ಪೆನ್ನು ನಿಂತಿತು. ಮಗ್ಗಗಳೂ ಒಂದೊಂದಾಗಿ ನಿಂತವು. ಸೇಠ್ ಪಾನ್ ಒಂದು ದವಡೆಗೆ ಸರಿಸಿ, "ಅರೇ ಬಹನ್‌ಜೀ, ಮದ್ರಾಸಿನವರಿಗೆ ನಮ್ಮ ರೀತಿ ರಿವಾಜು ಏನು ಗೊತ್ತು" ಎಂದು ನಕ್ಕರು.

"ಮದ್ರಾಸಲ್ಲ, ಶಿವಾಲ" ಎಂದರು ದುಬೆಜೀ. ಮೀಸೆಯ ಕೆಳಗೆ ನಗು ಹರಡುತ್ತಿತ್ತು. "ಬಾಗಿ ಸೇಠ್, ಪುಣ್ಯದ ಕೆಲಸ."

ಮೂಲೆಯ ಮಗ್ಗದಿಂದ ಮುದಿ ನೇಕಾರನೊಬ್ಬ, ಯಾರಿಗೂ ಹೇಳದವನ ಹಾಗೆ, "ಸೊಂಟ ಹಿಡ್ಕೊಂಡಿರಬೇಕು ಮಾಲಿಕ್‌ದು" ಎಂದ. ಯಾರೋ ಕಿಸಕ್ಕೆಂದರು.

ಸೇಠ್‌ಗೆ ಬೇರೆ ದಾರಿ ಉಳಿಯಲಿಲ್ಲ. ಕೆಂಪೇರಿದ ಮುಖದಲ್ಲಿ ಅರ್ಧ ಬಾಗಿದರು. ಪೂರ್ತಿ ಬಾಗಿ ಮುಟ್ಟಿಬಿಟ್ಟಿದ್ದರೆ ನಾವು ಸೋತೇ ಹೋಗುತ್ತಿದ್ದೆವೇನೋ. ಆದರೆ ಅವರ ಕೈ ಇಳಿಯುತ್ತಿದ್ದಂತೆ ಕಾಜಲ್ ಬೆಂಕಿ ತಾಗಿದವಳಂತೆ ಹಿಂದಕ್ಕೆ ಹಾರಿದಳು.

"ಬೇಡ ಮಾಲಿಕ್, ಬೇಡ."

ಮಾಮಾ ಅಲ್ಲ, ಮಾಲಿಕ್. ದುಬೆಜೀ ಬರೆದಿದ್ದ ಸಾಲನ್ನು ನಿಧಾನವಾಗಿ ಹೊಡೆದುಹಾಕಿದರು.

ಆಮೇಲೆ ನಾನು ಅವಳನ್ನು ಕಿಟಕಿಯ ಬಳಿ ಕೂರಿಸಿಕೊಂಡು ಕೇಳಿದೆ. ಚಂದೌಲಿ ಕಡೆಯ ಹಳ್ಳಿ, ಹೋಳಿ ಮುಗಿದ ಮೇಲೆ ಏಜೆಂಟೊಬ್ಬ ಕರೆತಂದಿದ್ದು, ಊರಲ್ಲಿರುವ ಅಮ್ಮ, ಅಮ್ಮನ ಅಣ್ಣ, ಎಲ್ಲವನ್ನೂ ಹೇಳಿದಳು. ಹೇಳಿಕೆ ದಾಖಲಾಯಿತು. ಮುಂದೆ ಕೇಸ್ ನಡೆದು ಸೇಠ್‌ಗೆ ದಂಡವೂ ಬಿತ್ತು.

ಮರಳುವಾಗ ಜೀಪು ಬಂತು. ಸೇತುವೆಯ ಮೇಲೆ ಗಾಳಿ ಬೀಸುತ್ತಿತ್ತು. ಕಾಜಲ್ ಎರಡೂ ಪಾದಗಳನ್ನು ಸೀಟಿನ ಅಡಿಗೆ ಒತ್ತಿಕೊಂಡು ಕೂತಿದ್ದಳು. ಭಯವಾಯಿತಾ ಎಂದೆ. "ಇಲ್ಲ ಆಂಟೀ, ಕಾಲು ಕೊಳೆಯಾಗಿತ್ತು, ಅದಕ್ಕೇ" ಎಂದಳು. ಬದನೆಕಾಯಿಯಂತೂ ಮರೆತೇ ಹೋಗಿತ್ತು.

ತಪಾಸಣೆ ಎಂದರೆ ಬಾಯಿ ಹೇಳುವುದನ್ನು ಕೇಳಿಸಿಕೊಳ್ಳುವುದು ಎಂದುಕೊಂಡಿದ್ದೆ. ಬಾಯಿಗೆ ಪಾಠ ಹೇಳಿಕೊಡಬಹುದು, ರೂಢಿ ಬಿದ್ದ ಮೈಗೆ ಹೇಳಿಕೊಡುವುದು ಕಷ್ಟ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಆಮೇಲಿನ ತಪಾಸಣೆಗಳಲ್ಲಿ ನಾನು ಮೊದಲು ನೋಡುತ್ತಿದ್ದದ್ದು ಯಾರು ಯಾರ ಮುಂದೆ ಬಾಗುತ್ತಾರೆ ಎಂಬುದನ್ನು.

ಕೆಲವು ದಿನಗಳ ನಂತರ ಮಕ್ಕಳ ಕಲ್ಯಾಣ ಸಮಿತಿಯ ಕಚೇರಿಗೆ ಕಾಜಲ್‌ಳ ಅಮ್ಮ ಬಂದಳು. ಜೊತೆಗೊಬ್ಬ ಬಡಕಲು ಮನುಷ್ಯ, ಹೆಗಲ ಮೇಲೆ ಹಳೆಯ ಗಮ್ಛಾ. ಒಳಗಿನಿಂದ ಹುಡುಗಿ ಓಡಿ ಬಂದು ಅಮ್ಮನನ್ನು ತಬ್ಬಿಕೊಂಡಳು. ಆ ಮನುಷ್ಯ ಯಾರನ್ನೂ ಏನನ್ನೂ ಕೇಳಲಿಲ್ಲ. ಜನ ತುಂಬಿದ ವರಾಂಡದಲ್ಲಿ ಮಂಡಿಯೂರಿ ಅವಳ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ.

ಕಾಜಲ್ ಈ ಸಲ ಕಾಲು ಹಿಂದೆಗೆಯಲಿಲ್ಲ.