ಓದದೆ ಪಾಸಾಗುವ ಪಾಠ

ಬ್ಯಾಂಕಿನವರು ಗಂಡನನ್ನು ವಡೋದರ, ಸೂರತ್ ಎಂದು ಸುತ್ತಿಸಿ ಕೊನೆಗೆ ಅಹಮದಾಬಾದಿನಲ್ಲಿ ಬಿಟ್ಟರು. ಹಿಂದೆ ಹಾಸನದ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಹೇಳಿಕೊಡುತ್ತಿದ್ದ ನನಗೆ ಅಲ್ಲಿನ ಸ್ಯಾಟಲೈಟ್ ಬಡಾವಣೆಯ ಫ್ಲ್ಯಾಟಿನಲ್ಲಿ ಸುಮ್ಮನೆ ಕೂರುವುದು ಆಗಿಬರಲಿಲ್ಲ. ಹಾಗಿರುವಾಗ ಆನ್‌ಲೈನ್ ಪಾಠಗಳನ್ನು ತಯಾರಿಸುವ ಕಂಪನಿಯೊಂದು ಕರೆಯಿತು. ಪಾಠಗಳು ಶಾಲೆಗಳಿಗೆ ಹೋಗುವ ಮೊದಲು ಅವುಗಳಿಂದ ಮಕ್ಕಳು ನಿಜವಾಗಿ ಕಲಿಯುತ್ತಾರೋ ಇಲ್ಲವೋ ನೋಡಿ ಹೇಳಬೇಕು, ಅಷ್ಟೇ ಕೆಲಸ.

ಮೊದಲು ಬಂದದ್ದು ಹತ್ತನೇ ತರಗತಿಯ ವಿದ್ಯುತ್ ಪಾಠ. ಬಲು ಚೆಂದವಿತ್ತು. ಪರದೆಯ ಮೇಲಿನ ಬಲ್ಬನ್ನು ಬೆರಳಿನಿಂದ ಎಳೆದು ತಂತಿಯ ನಡುವೆ ಕೂರಿಸಿದರೆ ಬೆಳಕು ಹೊತ್ತಿ ನಕ್ಷತ್ರಗಳು ಉದುರುತ್ತಿದ್ದವು. ನಾನೂ ಮರುಳಾಗಿ, ಅದೇ ತರಗತಿಯಲ್ಲಿದ್ದ ಮಗಳನ್ನು ಕರೆದು ಕೂರಿಸಿದೆ. ಅವಳು ಪ್ರಶ್ನೆಯ ಕಡೆ ಕಣ್ಣೂ ಹಾಯಿಸಲಿಲ್ಲ. ಬಲ್ಬನ್ನು ಹಿಡಿದು ಅಲ್ಲಿ ಬಿಟ್ಟಳು, ಇಲ್ಲಿ ಬಿಟ್ಟಳು. ತಪ್ಪಾದರೆ ಅದು ಪುಟಿದು ವಾಪಸ್ಸು ಬರುತ್ತಿತ್ತು, ಸರಿಯಾದರೆ ಅಂಟಿಕೊಳ್ಳುತ್ತಿತ್ತು. ಒಲೆಯ ಮೇಲಿಟ್ಟ ಚಹಾ ಕುದಿಯುವಷ್ಟರಲ್ಲಿ ಪಾಠ ಮುಗಿದಿತ್ತು.

"ಓದದೇನೇ ಹೇಗೆ ಮುಗಿಸ್ದೆ?" ಎಂದೆ.

"ಓದೋದ್ ಯಾಕೆ ಅಮ್ಮಾ? ಎಲ್ಲಿ ಚಿಪಕ್ ಆಗುತ್ತೋ ಅದೇ ರೈಟ್."

ಗುಜರಾತಿನಲ್ಲೇ ಬೆಳೆದ ಅವಳ ಕನ್ನಡ ಹಾಗೆಯೇ, ಅಂಟುವುದಕ್ಕೆ 'ಚಿಪಕ್' ಅನ್ನುತ್ತಾಳೆ. ಮಾತು ಮಾತ್ರ ನೆಟ್ಟಗಿತ್ತು.

ಕಂಪನಿಯಲ್ಲಿ ನನ್ನ ವರದಿಗಳನ್ನು ನೋಡುತ್ತಿದ್ದ ಮ್ಯಾನೇಜರ್ ಸಭ್ಯ ಮನುಷ್ಯ. ಅಲ್ಲಿ ಹೆಂಗಸರಿಗೆಲ್ಲ ಅನ್ನುವಂತೆ ನನಗೂ 'ಬೆನ್' ಅನ್ನುತ್ತಿದ್ದರು. ಮಗಳ ಸಂಗತಿ ಹೇಳಿದಾಗ, ಮನೆಯ ಮಗುವನ್ನು ನೋಡಿ ತೀರ್ಮಾನಿಸಬೇಡಿ, ಶಾಲೆಯಲ್ಲಿ ನೋಡಿ ಎಂದರು. ನ್ಯಾಯವಾದ ಮಾತೇ. ವಡೋದರಕ್ಕೆ ಹೋಗಿ, ಮಕರಪುರದ ಕಾರ್ಖಾನೆ ಕೆಲಸಗಾರರ ಮಕ್ಕಳು ಓದುವ ಶಾಲೆಯಲ್ಲಿ ಪಾಠವನ್ನು ಕೊಟ್ಟೆ. ಎಲ್ಲರಿಗೂ ಪೂರ್ತಿ ನಕ್ಷತ್ರ ಬಂತು. ಆಮೇಲೆ ನಿಜವಾದ ಸೆಲ್ಲು, ತಂತಿ, ಬಲ್ಬುಗಳನ್ನು ಮೇಜಿನ ಮೇಲಿಟ್ಟು, ಎರಡು ಬಲ್ಬುಗಳನ್ನು ಒಂದರ ಹಿಂದೊಂದು ಜೋಡಿಸಿ, ಒಂದನ್ನು ಕಳಚಿದರೆ ಇನ್ನೊಂದು ಏನಾಗುತ್ತದೆ ಎಂದು ಕೇಳಿದೆ. ಉರಿಯುತ್ತಲೇ ಇರುತ್ತದೆ ಎಂದರು ಕೆಲವರು. ಇನ್ನೂ ಜೋರಾಗಿ ಉರಿಯುತ್ತದೆ ಎಂದರು ಹಲವರು. ಹುಡುಗಿಯೊಬ್ಬಳು ಎದ್ದು ಬಂದು ಕಳಚಿಯೇ ಬಿಟ್ಟಳು. ಎರಡೂ ಆರಿಹೋದವು. ಯಾಕೆ ಎಂದು ತರಗತಿಯಲ್ಲಿ ದೊಡ್ಡ ಜಗಳವೇ ಎದ್ದಿತು. ಪಾಠ ಅಂದರೆ ಅದು.

"ಕಂಪ್ಯೂಟರಲ್ಲಿ ಬಲ್ಬ್ ತೆಗೆಯೋಕೆ ಬಿಡೋದೇ ಇಲ್ಲ ಟೀಚರ್" ಎಂದು ಆ ಹುಡುಗಿ ಹಿಂದಿಯಲ್ಲಿ ದೂರಿದಳು.

ವರದಿಯಲ್ಲಿ ನಾನು ಬರೆದದ್ದೂ ಇದನ್ನೇ. ಮ್ಯಾನೇಜರ್ ಸ್ವಲ್ಪ ಮೆತ್ತಗೆ ಮಾಡಿ ಎಂದರು. ಆಗುವುದಿಲ್ಲ ಎಂದೆ. ಚಿತ್ರಗಳನ್ನಾದರೂ ಹೊಗಳಿ ಎಂದರು. ಮೊದಲ ಸಾಲಿನಲ್ಲೇ ಹೊಗಳಿದ್ದೇನೆ ಎಂದೆ.

ಆದರೂ ಸೂರತ್ತಿನಲ್ಲಿ ಶಾಲಾ ಮುಖ್ಯಸ್ಥರಿಗೆ ಪಾಠಗಳನ್ನು ತೋರಿಸುವ ಸಭೆಗೆ ನನ್ನನ್ನು ಕರೆದೊಯ್ದರು. ನಾನು ಬಾಯಿ ಬಿಡದೆ ಕೂತಿದ್ದರೆ ಸಾಕಿತ್ತು. ಆದರೆ ಮುಖ್ಯೋಪಾಧ್ಯಾಯಿನಿಯೊಬ್ಬರು ನೇರವಾಗಿ ನನ್ನ ಅಭಿಪ್ರಾಯ ಕೇಳಿದರು. ಆ ಪಾಠ ಕನ್ನಡದಲ್ಲೂ ಇತ್ತು. ಅದನ್ನು ತೆರೆದು ಟ್ಯಾಬ್ಲೆಟ್ ಅವರ ಕೈಗಿಟ್ಟು, ನೀವೇ ಮಾಡಿ ನೋಡಿ ಎಂದೆ. ಗುಜರಾತಿ ಕಲಿಸುತ್ತಿದ್ದ ಅವರಿಗೆ ಕನ್ನಡದ ಒಂದಕ್ಷರವೂ ಬಾರದು. ತಮಾಷೆಯೆಂದುಕೊಂಡು ಬಲ್ಬನ್ನು ಅತ್ತಿತ್ತ ಎಳೆದರು. ನಕ್ಷತ್ರಗಳೆಲ್ಲ ಉದುರಿ, ಪರದೆಯ ಮೇಲೆ ಕನ್ನಡದ ಸಾಲೊಂದು ಮೂಡಿತು. ಏನು ಬರೆದಿದೆ ಎಂದು ಕೇಳಿದರು.

"ನಿಮಗೆ ಪಾಠ ಪೂರ್ತಿ ಅರ್ಥವಾಗಿದೆಯಂತೆ" ಎಂದೆ.

ಅವರು ನಕ್ಕುಬಿಟ್ಟರು, ಇಡೀ ಕೋಣೆ ನಕ್ಕಿತು. ಮ್ಯಾನೇಜರ್ ಮಾತ್ರ ನಗಲಿಲ್ಲ.

ವಾಪಸ್ಸು ಬರುವಾಗ ಕಾರಿನಲ್ಲಿ, "ಹೊರಗಿನವರ ಎದುರು ಹೀಗೆ ಮಾಡಬಾರದಿತ್ತು ಬೆನ್" ಎಂದರು. ಒಳಗಿನವರಿಗೆ ಎಷ್ಟೋ ಸಲ ಹೇಳಿದ್ದೆನಲ್ಲ ಎಂದೆ. ಮುಂದಿನ ವಾರದಿಂದ ಕಂಪನಿಗೆ ನಾನು ಬೇಡವಾದೆ. ಬೇಸರವಾಗಲಿಲ್ಲ ಎಂದರೆ ಸುಳ್ಳು. ಆ ಪಾಠ ಎಳ್ಳಷ್ಟೂ ಬದಲಾಗದೆ ಬೇರೆ ಊರುಗಳ ಶಾಲೆಗಳಿಗೆ ಹೋಯಿತೆಂದು ಆಮೇಲೆ ತಿಳಿಯಿತು.

ಸೂರತ್ತಿನ ಆ ಮುಖ್ಯೋಪಾಧ್ಯಾಯಿನಿ ಮಾತ್ರ, ಹೊಸ ಪಾಠ ಯಾರು ತಂದರೂ ನೋಡಿ ಬರೆದುಕೊಡಿ ಎಂದು ನನಗೆ ಫೋನ್ ಮಾಡುತ್ತಾರೆ. ಒಳ್ಳೆಯವೂ ಇರುತ್ತವೆ. ಮೊನ್ನೆ ಬಂದ ಗ್ರಾಫಿನ ಪಾಠದಲ್ಲಿ ಮಕ್ಕಳು ಗೆರೆಯನ್ನು ಬೇಕಾದಂತೆ ತಿರುಗಿಸಿ, ತಪ್ಪು ಮಾಡಿ, ತಾವೇ ಕಂಡುಕೊಳ್ಳಬಹುದಿತ್ತು. ಬಾಯ್ತುಂಬ ಹೊಗಳಿದೆ. ಕೆಟ್ಟದ್ದನ್ನು ಕೆಟ್ಟದ್ದೆಂದೇ ಬರೆದುಕೊಡುತ್ತೇನೆ. ಇಷ್ಟು ಖಾರವಾಗಿ ಬರೆಯಬೇಡ, ಯಾರೂ ಕರೆಯುವುದಿಲ್ಲ ಎಂದು ಗಂಡ ಈಗಲೂ ಹೇಳುತ್ತಾರೆ. ಕರೆಯದಿದ್ದರೆ ಬೇಡ. ನಾನು ಹಾಗೆಯೇ ಬರೆಯುತ್ತೇನೆ.