ಕೆಂಪು ದಾರದ ಬಾಣಗಳು

ಬೆಂಕಿ ತಗುಲಿದ ಕಾರ್ಬನ್ ಬಾಣ ನೋಡಲು ಹೊಸದರ ಹಾಗೆಯೇ ಇರುತ್ತದೆ. ಹೆದೆಯಿಂದ ಹೊರಡುವ ಕ್ಷಣದಲ್ಲಿ ಅದು ಸೀಳಿತೋ, ಸೂಜಿಯಂಥ ಎಳೆಗಳು ಬಿಲ್ಲು ಹಿಡಿದ ಕೈಯೊಳಕ್ಕೇ ನುಗ್ಗುತ್ತವೆ. ಬಿಲ್ಲು ಎತ್ತುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕಿತ್ತು. ಗೊತ್ತಿರುವವರು ಕಡಿಮೆ. ಗೊತ್ತಿದ್ದೂ ಬಾಯಿ ಬಿಡದವರು ಇನ್ನೂ ಅಪಾಯಕಾರಿ. ಇದು ಅಂಥ ಒಬ್ಬಳ ಕಥೆ. ಅವಳು ಕೆಟ್ಟವಳಲ್ಲ ಅನ್ನುವುದೇ ಇಲ್ಲಿ ಸಿಟ್ಟು ಬರಿಸುವ ಸಂಗತಿ.

ಬಿಲ್ಲುಗಾರಿಕೆ ಮೈದಾನದ ಹಿಂದೆ ತಗಡಿನ ಸೂರಿನ ಒಂದು ಕೋಣೆ. ಉದ್ದನೆಯ ಒಂದು ಮೇಜು, ಎರಡು ಸ್ಟೂಲು, ಮೈದಾನದ ಕಡೆಗೆ ಒಂದು ಕಿಟಕಿ. ಮೇಜಿನ ಈ ತುದಿಯಲ್ಲಿ ದೊಡ್ಡ ಸೊಸೆ, ಆ ತುದಿಯಲ್ಲಿ ಚಿಕ್ಕ ಸೊಸೆ. ಅಣ್ಣತಮ್ಮಂದಿರನ್ನು ಕಟ್ಟಿಕೊಂಡ ಓರಗಿತ್ತಿಯರು. ಮನೆ ಒಂದೇ, ಒಲೆ ಒಂದೇ, ಈಗ ಕಸುಬೂ ಒಂದೇ.

ಬಾಣದ ಮುಂತುದಿಯೊಳಗೆ ಬೆರಳಿನ ಗೆಣ್ಣಿನಷ್ಟು ಉದ್ದದ ಲೋಹದ ಕೊಳವೆಯೊಂದನ್ನು ಅಂಟು ಹಾಕಿ ಕೂರಿಸಿರುತ್ತಾರೆ. ಬಾಣದ ಮೊನೆಯನ್ನು ತಿರುಪುವುದು ಅದಕ್ಕೇ. ಬಾಣ ಗುರಿ ತಪ್ಪಿ ಚೌಕಟ್ಟಿಗೋ ಕಲ್ಲಿಗೋ ಬಡಿದರೆ ಕೊಳವೆ ಸೊಟ್ಟಗಾಗುತ್ತದೆ. ಅದನ್ನು ಹೊರಗೆಳೆದು ಹೊಸದು ಕೂರಿಸಬೇಕು. ದೊಡ್ಡವಳು ಹಳೆಯ ಮೊನೆಯೊಂದನ್ನು ಕೊಳವೆಗೆ ತಿರುಪಿ, ಬಾಣದ ತುದಿಯನ್ನು ಬಿಸಿನೀರಿನ ಮಗ್ಗಿನಲ್ಲಿ ನಿಲ್ಲಿಸಿ, ಅಂಟು ಮೆತ್ತಗಾಗುವವರೆಗೆ ಕಾದು, ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ತಿರುಚಿ ಎಳೆಯುತ್ತಿದ್ದಳು. ಬರದಿದ್ದರೆ ಮತ್ತೆ ನೀರು, ಮತ್ತೆ ಕಾಯುವುದು. ಕೆಲಸ ಮುಗಿದ ಬಾಣಕ್ಕೆ ಗರಿಯ ಬುಡದಲ್ಲಿ ನೀಲಿ ದಾರ ಸುತ್ತುತ್ತಿದ್ದಳು. ಯಾರು ರಿಪೇರಿ ಮಾಡಿದ್ದು ಎಂದು ತಿಳಿಯಲು ಆ ಕೋಣೆಯಲ್ಲಿದ್ದ ಪದ್ಧತಿ ಅದು. ಚಿಕ್ಕವಳು ಬಂದ ಮೇಲೆ ಅವಳಿಗೆ ಕೆಂಪು ದಾರ ಸಿಕ್ಕಿತು.

ಅಲ್ಲಿಂದ ಶುರುವಾಯಿತು ಹೊಟ್ಟೆಯುರಿ.

ಚಿಕ್ಕವಳದು ಮಿಂಚಿನ ಕೈ. ನೀರಿಲ್ಲ, ಕಾಯುವುದಿಲ್ಲ. ಗ್ಯಾಸ್ ಬರ್ನರ್ ಚುರ್ರ್ ಅನ್ನುತ್ತಿತ್ತು, ಕೊಳವೆ ಟಣ್ ಎಂದು ತಟ್ಟೆಗೆ ಬೀಳುತ್ತಿತ್ತು. ಚಿಟಿಕೆ ಹೊಡೆಯುವುದರಲ್ಲಿ ಮುಗಿಸುತ್ತಾಳೆಂದು ಎಲ್ಲರೂ ಅವಳನ್ನು ‘ಚಿಟಿಕೆ’ ಎಂದೇ ಕರೆಯತೊಡಗಿದರು. ಅದುವರೆಗೆ ಬರೀ ‘ಅಕ್ಕ’ ಆಗಿದ್ದ ದೊಡ್ಡವಳು ಅದೇ ಉಸಿರಿನಲ್ಲಿ ‘ಬಿಸಿನೀರಕ್ಕ’ ಆದಳು.

ಮೈದಾನದ ಮೇಲ್ವಿಚಾರಕರಿಗೆ ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ‘ಸೀಟಿ ಸಾಹೇಬರು’ ಎಂದೇ ಹೆಸರು. ಅವರು ಕಿಟಕಿಯಲ್ಲಿ ತಲೆ ತೂರಿಸಿ, “ಏನ್ ಬಿಸಿನೀರಕ್ಕಾ, ಬಾಣಕ್ಕೆ ಸ್ನಾನ ಆಯ್ತಾ? ತಲೆ ಒರೆಸಿ ಕಳಿಸ್ತೀರೋ, ಹಾಗೇ ಕಳಿಸ್ತೀರೋ?” ಅಂದರು. ಮೈದಾನವೆಲ್ಲ ನಕ್ಕಿತು. ಚಿಟಿಕೆಯೂ ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿದೇ ನಕ್ಕಳು. ಬಿಸಿನೀರಕ್ಕನಿಗೆ ಚುಚ್ಚಿದ್ದು ಆ ಸೆರಗೇ.

ಮಾರನೇ ದಿನ ಅವಳು ಸ್ಟೂಲನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಓರಗಿತ್ತಿಯ ಕೈ ಕಾಣಬಾರದು, ತಟ್ಟೆಗೆ ಬೀಳುವ ಕೊಳವೆ ಕಾಣಬಾರದು. ಆದರೆ ಕಿವಿಗೆ ಬೆನ್ನಿಲ್ಲವಲ್ಲ. ಟಣ್. ಮತ್ತೆ ಟಣ್. ಒಂದೊಂದು ಸದ್ದಿಗೂ ಅವಳು ಹಲ್ಲು ಕಚ್ಚುತ್ತಿದ್ದಳು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಿಟಿಕೆ ಕೇಳಿದ್ದಳು: “ಅಕ್ಕಾ, ಇದನ್ನ ಹೇಗೆ ತೆಗೆಯೋದು, ಸ್ವಲ್ಪ ಹೇಳಿಕೊಡಿ.”

“ಕಾಯಿಸು, ಎಳಿ. ಇನ್ನೇನಿದೆ ಇದರಲ್ಲಿ?”

ಸುಳ್ಳೇನಲ್ಲ. ಕಾಯಿಸಬೇಕು, ಎಳೆಯಬೇಕು. ಆದರೆ ಬೆಂಕಿ ಹಿಡಿಯುವುದೇ ಆದರೆ ಹೊರಗೆ ಚಾಚಿದ ಮೊನೆಗೆ ಮಾತ್ರ ತೋರಿಸಬೇಕು, ಕಾರ್ಬನ್ನಿಗೆ ತಾಗಿಸಿದರೆ ಅದರ ಎಳೆಗಳನ್ನು ಹಿಡಿದಿಟ್ಟ ರಾಳ ಸುಟ್ಟುಹೋಗುತ್ತದೆ. ಈ ಮಾತನ್ನು ಅವಳು ನಾಲಿಗೆಯ ಕೆಳಗೆ ಇಟ್ಟುಕೊಂಡಳು. ಬೇಕಿದ್ದರೆ ನೋಡಿ ಕಲಿಯಲಿ, ನನಗೇನು ಯಾರಾದರೂ ಬಾಯಿಗಿಟ್ಟಿದ್ದರೇ ಅಂದುಕೊಂಡಳು. ನೋಡಿ ತಿದ್ದಬೇಕಾದವಳು ತಾನೇ ಗೋಡೆ ನೋಡುತ್ತ ಕೂತಳು. ಹೀಗೆ ಚಿಟಿಕೆ ಜ್ವಾಲೆಯನ್ನು ನೇರ ಬಾಣದ ಮೈಗೇ ಹಿಡಿಯುತ್ತಿದ್ದುದು, ಊರೆಲ್ಲ ಹೊಗಳಿದ ಆ ವೇಗವೇ ತಪ್ಪಾಗಿದ್ದುದು, ಅದನ್ನು ಗುರುತಿಸಬಲ್ಲ ಒಂದೇ ಜೋಡಿ ಕಣ್ಣಿಗೆ ಬೀಳಲಿಲ್ಲ.

ಬಿಸಿನೀರಕ್ಕನ ಮಗಳೂ ಅಲ್ಲೇ ಬಿಲ್ಲು ಕಲಿಯುತ್ತಿದ್ದಳು. ಮೈದಾನದಲ್ಲಿ ಸ್ಪರ್ಧೆಯಿದ್ದ ಒಂದು ದಿನ ಬೆಳಿಗ್ಗೆ ತಿಂಡಿ ತಿನ್ನುತ್ತ ಅವಳು, “ಅಮ್ಮ, ಸಂಜೆಗೆ ನಂಗೆ ಚಿಕ್ಕಮ್ಮನ ಬಾಣಾನೇ ಬೇಕು. ಕೆಂಪು ದಾರದ್ದು ಲಕ್ಕಿ ಅಂತಾರೆ ಎಲ್ಲಾರೂ,” ಅಂದಳು.

“ನನ್ನ ಬಾಣಕ್ಕೇನಾಗಿದೆ?”

“ಏನೂ ಆಗಿಲ್ಲಮ್ಮ. ಲಕ್ಕಿ ಅಲ್ಲ ಅಷ್ಟೇ.”

ಹೆತ್ತ ಮಗಳೂ ಆ ಕಡೆಗೆ! ತಾಯಿ ಎದ್ದವಳೇ ತಿಂದ ತಟ್ಟೆಯನ್ನು ಸಿಂಕಿಗೆ ಹಾಕಿದ ರಭಸಕ್ಕೆ ಪಕ್ಕದ ಲೋಟ ಉರುಳಿತು.

ಕೋಣೆಗೆ ಬಂದಾಗ ಚಿಟಿಕೆ ಇನ್ನೂ ಬಂದಿರಲಿಲ್ಲ. ಕಪಾಟಿನಲ್ಲಿ ಸಂಜೆಗೆಂದು ಜೋಡಿಸಿಟ್ಟ ಕೆಂಪು ದಾರದ ಬಾಣಗಳು. ಹುಳುಕು ಹುಡುಕುವ ಆಸೆಯಿಂದಲೇ ಒಂದನ್ನು ತೆಗೆದಳು. ಎರಡು ಕೈಯಲ್ಲಿ ಹಿಡಿದು ಕಿವಿಯ ಬಳಿ ತುಸುವೇ ಬಗ್ಗಿಸಿದಳು. ಮುಂತುದಿಯನ್ನು ಬೆರಳುಗಳಲ್ಲಿ ಒತ್ತಿ ತಿರುಚಿದಳು.

ಚಿಟಪಟ. ಒಣ ಎಲೆ ತುಳಿದಂಥ ಸದ್ದು. ಬೆಂಕಿ ಮೈಗೇ ತಗುಲಿ ಒಳಗಿನ ಎಳೆಗಳು ಬಿಟ್ಟುಕೊಂಡಿವೆ.

ಅವಳಿಗೆ ಹೆದರಿಕೆ ಆಗಬೇಕಿತ್ತು. ಆಗಿದ್ದು ಹಾಲು ಕುಡಿದಷ್ಟು ಸಂತೋಷ. ಸಂಜೆ ಎಲ್ಲರೂ ಬರುತ್ತಾರೆ, ಸೀಟಿ ಸಾಹೇಬರೂ ಇರುತ್ತಾರೆ. ಬಹುಮಾನ ಕೊಡುವ ಹೊತ್ತಿಗೆ ಎಲ್ಲರ ಮುಂದೆ ಈ ಬಾಣವನ್ನು ಬಗ್ಗಿಸಿ ಸದ್ದು ಕೇಳಿಸುತ್ತೇನೆ. ಆಗ ನಗಲಿ, ಸೆರಗು ಅಡ್ಡ ಹಿಡಿದುಕೊಂಡು.

ಆ ಒಂದು ಬಾಣವನ್ನು ಮೇಜಿನ ಕೆಳಗೆ ಬಚ್ಚಿಟ್ಟಳು. ಉಳಿದವನ್ನು ಕಪಾಟಿನಲ್ಲೇ ಬಿಟ್ಟಳು. ಸಾಕ್ಷಿಗೆ ಒಂದು ಸಾಕಲ್ಲವೇ! ಉಳಿದವು ಯಾರ ಕೈಗೆ ಹೋಗುತ್ತವೆ ಎಂದು ಅವಳು ಯೋಚಿಸಲಿಲ್ಲವೆಂದು ಹೇಳಿ ಅವಳನ್ನು ಕಾಪಾಡಬಹುದು. ಆದರೆ ಯೋಚಿಸಿದಳು. ಪ್ರತಿ ಬಾಣವೂ ಒಡೆಯುತ್ತದೆಯೇ, ಒಡೆದರೆ ಅದೂ ಒಳ್ಳೆಯದೇ, ಎಲ್ಲರಿಗೂ ಗೊತ್ತಾಗಲಿ ಎಂದುಕೊಂಡಳು. ಮಗಳಿಗೆ ಮಾತ್ರ ತನ್ನ ನೀಲಿ ದಾರದ ಬಾಣಗಳನ್ನು ಆರಿಸಿ ಬತ್ತಳಿಕೆಗೆ ತುಂಬಿಟ್ಟಳು. ಅಂದರೆ ಲೆಕ್ಕ ಸರಿಯಾಗಿಯೇ ಗೊತ್ತಿತ್ತು.

ದಿನವಿಡೀ ಒಳಗೊಳಗೇ ಹಾಡಿಕೊಂಡು ಕೆಲಸ ಮಾಡಿದಳು. ಚಿಟಿಕೆಗೇ ಅಚ್ಚರಿ: “ಏನಕ್ಕಾ, ಇವತ್ತು ಮುಖ ಅರಳಿದೆ?”

“ಸಂಜೆ ಹೇಳ್ತೀನಿ.”

ಸಂಜೆ ಮೈದಾನ ತುಂಬಿತು. ಸೀಟಿ ಮೊಳಗಿತು. ಬಿಲ್ಲುಗಾರರು ಸಾಲಾಗಿ ನಿಂತರು. ಬಿಸಿನೀರಕ್ಕ ಕಿಟಕಿಯಿಂದ ನೋಡಿದಳು. ಮಗಳು ಬಿಲ್ಲು ಎತ್ತಿದ್ದಾಳೆ, ಹೆದೆ ಗಲ್ಲಕ್ಕೆ ಬಂದಿದೆ, ಬಾಣದ ಗರಿಯ ಬುಡದಲ್ಲಿ ಕೆಂಪು.

ತಾಯಿ ತುಂಬಿಟ್ಟ ಬಾಣಗಳನ್ನು ಹುಡುಗಿ ಬದಲಾಯಿಸಿಕೊಂಡಿದ್ದಳು. ಲಕ್ಕಿ ಬೇಕಿತ್ತಲ್ಲ.

“ಬಿಡಬೇಡ! ನಿಲ್ಸೇ! ಬಿಡಬೇಡ ಅಂದೆ!”

ಆ ಕೂಗಿಗೆ ಸೀಟಿ ಸಾಹೇಬರೇ ಗಾಬರಿಯಾಗಿ ಒಂದೇ ಸಮನೆ ಸೀಟಿ ಊದಿದರು. ಮಗಳು ಎಳೆದ ಹೆದೆಯನ್ನು ಕೈಬಿಡದೆ, ಕಲಿಸಿದ ಹಾಗೆಯೇ, ನಿಧಾನವಾಗಿ ಮುಂದಕ್ಕೆ ತಂದು ಇಳಿಸಿದಳು. ತಾಯಿ ಓಡಿ ಬಂದು ಬಾಣ ಕಿತ್ತುಕೊಂಡು ಬಗ್ಗಿಸಿದಳು. ಚಿಟಪಟ. ಸಾಲಿನಲ್ಲಿದ್ದವರೆಲ್ಲ ಕೆಂಪು ದಾರದ ಬಾಣಗಳನ್ನು ಕೆಳಗಿಟ್ಟರು. ಒಂದೊಂದನ್ನೇ ಕಿವಿಯ ಬಳಿ ಬಗ್ಗಿಸಿ ನೋಡಿದಾಗ ಬಹಳಷ್ಟು ಬಾಣಗಳು ಚಿಟಪಟ ಅಂದವು.

ಚಿಟಿಕೆ ಬಿಳಿಚಿಕೊಂಡು ನಿಂತಿದ್ದಳು. “ನೀವೇ ಹೇಳಿದ್ರಲ್ಲಕ್ಕಾ, ಕಾಯಿಸು ಎಳಿ ಅಂತ...” ಎಂದವಳು ನಡುವೆಯೇ ನಿಂತಳು. ಮೇಜಿನ ಕೆಳಗಿನ ಬಾಣವನ್ನು ಅವಳು ಆಗಲೇ ನೋಡಿದ್ದಳೋ ಏನೋ, ತಣ್ಣಗೆ ಕೇಳಿದಳು: “ನಿಮಗೆ ಯಾವಾಗ ಗೊತ್ತಾಯ್ತು?”

ಈಗಷ್ಟೇ ಅನ್ನಬಹುದಿತ್ತು. ಮಗಳು ಪಕ್ಕದಲ್ಲೇ ಬಿಲ್ಲು ಹಿಡಿದು ನಿಂತಿದ್ದಳು.

“ಬೆಳಿಗ್ಗೆ,” ಅಂದಳು ಬಿಸಿನೀರಕ್ಕ.

ಯಾರೂ ನಗಲಿಲ್ಲ. ಸಾಲಿನಲ್ಲಿ ಬೇರೆಯವರ ಮಕ್ಕಳೂ ಇದ್ದರು, ಅವರ ಅಪ್ಪ ಅಮ್ಮಂದಿರೂ ಇದ್ದರು. ಅವರು ಅವಳನ್ನು ನೋಡಿದ ನೋಟಕ್ಕೆ ಮಾತು ಬೇಕಿರಲಿಲ್ಲ. ಅಲ್ಲಿದ್ದುದು ತನ್ನ ಮಗಳಲ್ಲದಿದ್ದರೆ ಕೂಗುತ್ತಿದ್ದಳೇ? ಉತ್ತರ ಅವಳಿಗೂ ಗೊತ್ತು, ಓದುತ್ತಿರುವ ನಿಮಗೂ ಗೊತ್ತು.

ಮನೆಯಲ್ಲಿ ಚಿಟಿಕೆ ಬಹಳ ದಿನ ಅವಳೊಂದಿಗೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ಮಗಳ ಮೂಲಕವೇ ಕೇಳುತ್ತಿದ್ದಳು. ಆದರೆ ಬಿಸಿನೀರಕ್ಕ ಸ್ಟೂಲನ್ನು ಮೇಜಿನ ಕಡೆಗೆ ತಿರುಗಿಸಿದಳು, ಮಗ್ಗನ್ನು ಇಬ್ಬರ ನಡುವೆ ಇಟ್ಟಳು, ಓರಗಿತ್ತಿಯ ಕೈ ಹಿಡಿದು ತೋರಿಸಿದಳು. ಕಲಿತ ಮೇಲೆ ಚಿಟಿಕೆ ಬಿಸಿನೀರಿನಲ್ಲೂ ಅವಳಿಗಿಂತ ಬೇಗ ತೆಗೆಯತೊಡಗಿದಳು. ಬಿಸಿನೀರಕ್ಕನ ಹೊಟ್ಟೆ ಈಗಲೂ ಉರಿಯುತ್ತದೆ. ಉರಿಯಲಿ. ಆ ಉರಿಯಿಂದ ಈಗ ಯಾರ ಕೈಗೂ ಗಾಯವಾಗುವುದಿಲ್ಲ.

ನಿಮ್ಮ ಪಕ್ಕದ ಸ್ಟೂಲಿನಲ್ಲಿ ಕೂತವರ ಒಂದು ತಪ್ಪು ನಿಮಗೂ ಗೊತ್ತಿದೆ. ಅವರು ಮುಗ್ಗರಿಸುವುದನ್ನು ಎಲ್ಲರೂ ನೋಡಲಿ ಎಂದು ನೀವೂ ಕಾಯುತ್ತಿದ್ದೀರಿ. ಸಂಜೆಯವರೆಗೆ ಕಾಯಬೇಡಿ. ಈ ಕಾಗದ ಕೆಳಗಿಡಿ, ಎದ್ದು ಹೋಗಿ, ಅವರಿಗೇ ಹೇಳಿ.